ಸ್ಕೀ ಕಲಿಸಿದರೆ ಕೈಗೆಷ್ಟು ಬರುತ್ತದೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳ ಕಟ್ಟಿನಲ್ಲಿ ಅರ್ಧದಷ್ಟು ಹಿಮದ ಇಳಿಜಾರಿನಲ್ಲಿ ಜಾರುವ ಆಟವಾದ ಸ್ಕೀಯಿಂಗ್ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಊರಿನ ಹೆಸರು ಮಾತ್ರ ಉಳಿಸಿಕೊಂಡಿದ್ದೇವೆ.

ಮಗ ಪದವಿ ಮುಗಿಸಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಬೇಸಿಕ್ ಕೋರ್ಸ್ ಮಾಡಿ ಬಂದಿದ್ದಾನೆ. ಮುಂದೆ ಅಲ್ಲೇ ಇನ್‌ಸ್ಟ್ರಕ್ಟರ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ತಿಂಗಳಿಗೆ ಎಷ್ಟು ಸಿಗಬಹುದು?
— ಓದುಗರು, ಪೊನ್ನಂಪೇಟೆ

‘ತಿಂಗಳಿಗೆ’ ಎಂಬ ಮಾತನ್ನು ಮೊದಲು ಬದಿಗಿಡಿ. ಈ ಕಸುಬಿನಲ್ಲಿ ಸಂಬಳದವರು ಕಡಿಮೆ. ನಿಮ್ಮ ತೋಟದ ಮಸ್ಟರ್, ಅಂದರೆ ಹಾಜರಿ, ನೆನಪಿಸಿಕೊಳ್ಳಿ: ಬೆಳಿಗ್ಗೆ ರೈಟರ್ ಹೆಸರು ಕೂಗಿ ಬರೆದುಕೊಂಡ ದಿನ ಮಾತ್ರ ಕೂಲಿ. ಸ್ಕೀ ಶಾಲೆಯಲ್ಲೂ ಹಾಗೆಯೇ, ಬೆಳಿಗ್ಗೆ ಇನ್‌ಸ್ಟ್ರಕ್ಟರುಗಳು ಸಾಲಾಗಿ ನಿಲ್ಲುತ್ತಾರೆ. ಬಂದ ಪ್ರವಾಸಿಗರನ್ನು ಹಂಚುತ್ತಾರೆ. ಹಳಬರಿಗೆ ಮೊದಲು, ಹೊಸಬರಿಗೆ ಉಳಿದರೆ. ಹಂಚಿಕೆ ಮುಗಿದ ಮೇಲೂ ಸಾಲಿನಲ್ಲಿ ಉಳಿದವರಿಗೆ ಆ ದಿನ ಬಿಸಿ ಚಹಾ ಮಾತ್ರ.

ಹಾಗಾಗಿ ಕೇಳಬೇಕಾದ ಪ್ರಶ್ನೆ, ಸೀಸನ್‌ನಲ್ಲಿ ಎಷ್ಟು ದಿನ ಪಾಠ ಸಿಗುತ್ತದೆ ಎಂಬುದು. ಗುಲ್ಮಾರ್ಗ್‌ನಲ್ಲಿ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ, ಹೆಚ್ಚೆಂದರೆ ನೂರು ದಿನ. ಅದೂ ಹಿಮ ಬಿದ್ದರೆ. 2024ರ ಜನವರಿಯಲ್ಲಿ ಅಲ್ಲಿನ ಇಳಿಜಾರು ಕಂದು ಹುಲ್ಲಿನಿಂದ ಬೋಳಾಗಿ ಮಲಗಿತ್ತು. ಬುಕ್ ಮಾಡಿದವರು ರದ್ದು ಮಾಡಿದರು. 2025ರ ಫೆಬ್ರವರಿಯಲ್ಲೂ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತ ಮಾರ್ಚ್‌ಗೆ ಹೋಯಿತು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿ ತೋಟದವರ ಮುಖ ಹೇಗಿರುತ್ತದೋ, ಅಂಥ ವರ್ಷ ಅಲ್ಲಿನ ಇನ್‌ಸ್ಟ್ರಕ್ಟರುಗಳ ಮುಖವೂ ಹಾಗೇ. ವ್ಯತ್ಯಾಸವೆಂದರೆ ಹಿಮಕ್ಕೆ ಸ್ಪ್ರಿಂಕ್ಲರ್ ಹಾಕಲು, ಅಂದರೆ ಯಂತ್ರದಿಂದ ಹಿಮ ಮಾಡಲು, ದೊಡ್ಡ ರಿಸಾರ್ಟುಗಳ ಬಂಡವಾಳ ಬೇಕು.

ಲೆಕ್ಕ ಹಾಕುವ ರೀತಿ ಇದು. ದಿನಕ್ಕೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ. ಮಗ ಅಲ್ಲಿಯೇ ವಿಚಾರಿಸಿ ಆ ವರ್ಷದ ದರ ಹಾಕಿಕೊಳ್ಳಲಿ. ಮೊದಲ ವರ್ಷದವನಿಗೆ ನೂರರಲ್ಲಿ 45 ದಿನ ಪಾಠ ಸಿಕ್ಕಿತು ಅಂದರೆ 90,000. ಕೋಣೆ, ಊಟ, ಬಿಸಿನೀರು, ಹೀಟರ್ ಸೇರಿ ದಿನಕ್ಕೆ 600 ಎಂದರೂ ನೂರು ದಿನಕ್ಕೆ 60,000. ಉಳಿದದ್ದು 30,000. ಅದರಲ್ಲಿ ಬೆಂಗಳೂರು–ಶ್ರೀನಗರ ಹೋಗಿಬರುವ ಖರ್ಚು. ಪಾಠ ಸಿಗದ 55 ದಿನವೂ ಹೊಟ್ಟೆಗೆ ಹಾಕಲೇಬೇಕಲ್ಲ. ಸ್ಥಳೀಯ ಹುಡುಗನಿಗೆ ಈ 60,000ದ ಬಹುಪಾಲು ಖರ್ಚಿಲ್ಲ, ರಾತ್ರಿ ಟಂಗ್‌ಮರ್ಗ್‌ನ ಮನೆಗೆ ಇಳಿದು ಹೋಗುತ್ತಾನೆ. ಅದೇ ದರದಲ್ಲಿ ಅವನಿಗೆ ಲಾಭ, ಹೊರಗಿನವನಿಗೆ ಪ್ರವಾಸ.

ಇನ್ನೊಂದು ಅಡ್ಡಿ: ಜಮ್ಮು–ಕಾಶ್ಮೀರದಲ್ಲಿ ಪ್ರವಾಸಿಗರಿಗೆ ಸಂಬಂಧಿಸಿದ ಕಸುಬುಗಳಿಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಸರದಿ ಸಾಲಿನಲ್ಲಿ ತಲೆಮಾರಿನಿಂದ ನಿಂತಿರುವವರು ಊರಿನವರೇ. ಹೊರಗಿನವರಿಗೆ ಒಳಗೆ ಬರಲು ಸುಲಭದ ದಾರಿ, ದಕ್ಷಿಣದಿಂದ ಗುಂಪು ಕರೆತರುವ ಟೂರ್ ಸಂಸ್ಥೆಯ ಜೊತೆಗಿನ ಸಹಾಯಕ ಕೆಲಸ. ಬೆಂಗಳೂರಿನ ನಲವತ್ತು ಮಂದಿ ಬಂದಿಳಿದಾಗ ‘ಮೊಣಕಾಲು ಬಗ್ಗಿಸಿ, ಹಿಂದಕ್ಕೆ ವಾಲಬೇಡಿ’ ಎಂದು ಕನ್ನಡದಲ್ಲಿ ಕೂಗಬಲ್ಲವನಿಗೆ ಬೆಲೆಯಿದೆ. ಆ ಬೆಲೆಯನ್ನು ಮೊದಲೇ ಮಾತಾಡಿಕೊಳ್ಳಬೇಕು: ದಿನಗೂಲಿ ಎಷ್ಟು, ಹಿಮವಿಲ್ಲದೆ ಕೂತ ದಿನಕ್ಕೆ ಎಷ್ಟು, ಊಟ–ಕೋಣೆ ಯಾರದು.

ಖಚಿತ ಸಂಬಳ ಬೇಕೆಂದರೆ ದಾರಿ ಬೇರೆ. ಸರ್ಕಾರಿ ಪರ್ವತಾರೋಹಣ ಸಂಸ್ಥೆಗಳ ಕಾಯಂ ಬೋಧಕ ಹುದ್ದೆಗಳಿವೆ, ಆದರೆ ಬೆರಳೆಣಿಕೆಯವು. ಸೇನೆಯಲ್ಲಿದ್ದವರಿಗೆ 1948ರಿಂದ ಗುಲ್ಮಾರ್ಗ್‌ನಲ್ಲಿರುವ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್, ಇಂಡೋ–ಟಿಬೆಟನ್ ಗಡಿ ಪೊಲೀಸ್ ಪಡೆಯವರಿಗೆ (ಐಟಿಬಿಪಿ) ಉತ್ತರಾಖಂಡದ ಔಲಿಯ ಸಂಸ್ಥೆ. ಸಮವಸ್ತ್ರ ತೊಟ್ಟವನಿಗೆ ಸಂಬಳ ಹಿಮ ನೋಡಿ ಬರುವುದಿಲ್ಲ. ಕೊಡಗಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಕೆನಡಾದಲ್ಲಿ ಸ್ಕೀ ಇನ್‌ಸ್ಟ್ರಕ್ಟರ್ ಕೆಲಸ, ತಿಂಗಳಿಗೆ ಒಂದು ಲಕ್ಷಕ್ಕೂ ಮೇಲೆ, ಅನುಭವ ಬೇಡ’ ಎಂದು ಏಜೆಂಟರೊಬ್ಬರು ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ನಂಬಬಹುದೇ?
— ಓದುಗರು, ಗೋಣಿಕೊಪ್ಪಲು

ಸಂಬಳದ ಅಂಕಿ ಸುಳ್ಳಲ್ಲ, ಮೋಸ ಇರುವುದೂ ಅದರಲ್ಲೇ. ಕೂತು ಲೆಕ್ಕ ಮಾಡೋಣ.

ವಿಸ್ಲರ್ ಎಂಬ ಸ್ಕೀ ಊರು ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕನಿಷ್ಠ ವೇತನ 2025ರ ಜೂನ್‌ನಲ್ಲಿ ಗಂಟೆಗೆ 17.85 ಕೆನಡಿಯನ್ ಡಾಲರ್ ಆಯಿತು. ಹೊಸ ಇನ್‌ಸ್ಟ್ರಕ್ಟರ್ ಅದರ ಆಸುಪಾಸಿನಲ್ಲೇ ಶುರು ಮಾಡುತ್ತಾನೆಂದು ಹಿಡಿಯಿರಿ. ಸೀಸನ್ ಹದಿನೆಂಟು ವಾರ. ಕ್ರಿಸ್‌ಮಸ್, ಹೊಸವರ್ಷ, ಫೆಬ್ರವರಿಯ ರಜೆ ಸೇರಿ ನಾಲ್ಕು ವಾರ ತುಂಬು ಕೆಲಸ, ವಾರಕ್ಕೆ 38 ಗಂಟೆ. ಉಳಿದ ಹದಿನಾಲ್ಕು ವಾರ ಸರಾಸರಿ 22 ಗಂಟೆ. ಒಟ್ಟು 460 ಗಂಟೆ, 8,211 ಡಾಲರ್. ಡಾಲರಿಗೆ 62 ರೂಪಾಯಿಯಂತೆ ಐದು ಲಕ್ಷದ ಒಂಬತ್ತು ಸಾವಿರ. ಹೋಗಿಬರುವ ದಿನಗಳೂ ಸೇರಿ ನಾಲ್ಕೂವರೆ ತಿಂಗಳಿಗೆ ಹಂಚಿದರೆ ತಿಂಗಳಿಗೆ 1,13,000. ಏಜೆಂಟ್ ಹೇಳಿದ್ದು ಸರಿಯಾಯಿತು!

ಈಗ ಕಳೆಯಿರಿ. ಪಿಂಚಣಿ ಮತ್ತು ನಿರುದ್ಯೋಗ ವಿಮೆಗೆಂದು ಸಂಬಳದಲ್ಲೇ ಹಿಡಿಯುವುದು ಸುಮಾರು 550 ಡಾಲರ್. ಹಂಚಿಕೊಂಡ ಕೋಣೆಗೆ ತಿಂಗಳಿಗೆ 900 ಎಂದರೆ 4,050. ಸ್ವಂತ ಅಡುಗೆಯಲ್ಲಿ ತಿಂಗಳಿಗೆ 400 ಎಂದರೆ 1,800. ಕೈಯಲ್ಲಿ ಉಳಿದದ್ದು 1,811 ಡಾಲರ್, ಅಂದರೆ ಒಂದು ಲಕ್ಷದ ಹನ್ನೆರಡು ಸಾವಿರ. ಬೆಂಗಳೂರು–ವ್ಯಾಂಕೋವರ್ ಹೋಗಿಬರುವ ಟಿಕೆಟ್ 1,20,000 ಎಂದಾದರೆ ಊರಿಗೆ ಬರುವಾಗ ಎಂಟು ಸಾವಿರ ಸಾಲ. ಏಜೆಂಟರ ಮೂರೂವರೆ ಲಕ್ಷ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬೂಟು, ವೀಸಾ ಶುಲ್ಕ, ವಿಮೆಯೂ ಬಂದಿಲ್ಲ. ಕೋಣೆ, ಊಟ, ಟಿಕೆಟ್ಟಿನ ಅಂಕಿಗಳು ನಾವು ಹಿಡಿದದ್ದು. ಬೇಕಾದರೆ ತಗ್ಗಿಸಿ ನೋಡಿ, ಚಿತ್ರ ಹೆಚ್ಚು ಬದಲಾಗದು.

ಆ 22 ಗಂಟೆ ಯಾಕಿಷ್ಟು ಕಡಿಮೆ ಎಂದು ಕೇಳಬಹುದು. ಎಂಟಕ್ಕೆ ಹೋಗಿ ಐದಕ್ಕೆ ಬಂದರೂ ಪಾಠದ ಗಂಟೆಗೆ ಒಂದು ದರ, ಬೇರೆ ಕೆಲಸಕ್ಕೆ ಇನ್ನೊಂದು ದರ ಇಡುವ ಶಾಲೆಗಳಿವೆ. ಪಾಠವಿಲ್ಲದಿದ್ದರೆ ಮನೆಗೆ ಕಳಿಸುತ್ತಾರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಕರೆಸಿಕೊಂಡ ಮೇಲೆ ಕನಿಷ್ಠ ಎರಡು ಗಂಟೆಯ ಕೂಲಿ ಕೊಡಲೇಬೇಕೆಂಬ ಕಾನೂನಿದೆ, ಅದೊಂದು ಆಸರೆ. ಒಪ್ಪಂದ ಪತ್ರ ಕೈಗೆ ಬಂದಾಗ ಗಂಟೆಯ ದರಕ್ಕಿಂತ ಮೊದಲು ‘ವಾರಕ್ಕೆ ಖಾತರಿ ಗಂಟೆ’ ಎಂಬ ಸಾಲು ಇದೆಯೇ ನೋಡಿ. ಆ ಸಾಲಿಲ್ಲದ ಪತ್ರದಲ್ಲಿ ದರ ಎಷ್ಟಿದ್ದರೂ ಅಷ್ಟೇ.

ಇನ್ನು ಏಜೆಂಟರ ವಿಷಯ. 1983ರ ವಲಸೆ ಕಾಯ್ದೆಯಡಿ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರು ನೋಂದಾಯಿತರಾಗಿರಬೇಕು. ಹೆಸರು ಕೇಂದ್ರ ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ಸಿಗಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ರಸೀದಿ ಕೊಡಬೇಕು. ಮೂರೂವರೆ ಲಕ್ಷ ಎಂದ ಕೂಡಲೇ ಮಾತು ಮುಗಿಯಿತು. ಬ್ರಿಟಿಷ್ ಕೊಲಂಬಿಯಾದ ಕಾನೂನು ಕೆಲಸ ಕೊಡಿಸಲು ಕೆಲಸಗಾರನಿಂದ ದುಡ್ಡು ಪಡೆಯುವುದನ್ನೇ ನಿಷೇಧಿಸಿದೆ. ಮತ್ತೊಂದು, ಯುವಕರು ಸ್ಕೀ ಕೆಲಸಕ್ಕೆ ಹೋಗುವ ಕೆನಡಾದ ವರ್ಕಿಂಗ್ ಹಾಲಿಡೇ ಯೋಜನೆಯಲ್ಲಿ ಭಾರತ ಇಲ್ಲ. ಉದ್ಯೋಗದಾತನೇ ಸ್ಥಳೀಯರು ಸಿಗುತ್ತಿಲ್ಲವೆಂದು ಅಲ್ಲಿನ ಸರ್ಕಾರಕ್ಕೆ ತೋರಿಸಿ ಅನುಮತಿ ತರಬೇಕು. ಅನುಭವವಿಲ್ಲದ ಹುಡುಗನಿಗಾಗಿ ಯಾವ ಶಾಲೆ ಅಷ್ಟು ಪಾಡು ಪಡುತ್ತದೆ? ‘ಅನುಭವ ಬೇಡ’ ಎಂಬ ಎರಡು ಪದವೇ ಜಾಹೀರಾತನ್ನು ಸುಳ್ಳು ಮಾಡುತ್ತದೆ.

ಯಾವ ದೇಶದಲ್ಲಿ ಹೆಚ್ಚು ಕೊಡುತ್ತಾರೆ? ಒಂದೇ ದೇಶದಲ್ಲೂ ವ್ಯತ್ಯಾಸ ಇದೆಯಂತೆ, ಯಾಕೆ?
— ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಗಂಟೆಯ ದರ ನೋಡಿದರೆ ಸ್ವಿಟ್ಜರ್ಲೆಂಡ್ ಮೇಲಿನ ಸಾಲಿನಲ್ಲಿದೆ. ಅಲ್ಲಿ ಇಡೀ ದೇಶಕ್ಕೆ ಒಂದೇ ಕನಿಷ್ಠ ವೇತನದ ಕಾನೂನಿಲ್ಲ, ಆದರೂ ದರ ಎತ್ತರ. ಬಾಡಿಗೆಯೂ ಎತ್ತರ. ಮೂರು ತಿಂಗಳಿಗಿಂತ ಹೆಚ್ಚು ನೆಲೆಸುವವರಿಗೆ ಆರೋಗ್ಯ ವಿಮೆ ಕಡ್ಡಾಯ, ಅದರ ಕಂತು ಸ್ವಂತ ಜೇಬಿನಿಂದ. ಪಕ್ಕದ ಆಸ್ಟ್ರಿಯಾದಲ್ಲಿ ದರ ತಗ್ಗು, ಆದರೆ ಶಾಲೆಯೇ ಕೋಣೆ, ಎಷ್ಟೋ ಕಡೆ ಊಟ ಕೂಡ ಕೊಡುತ್ತದೆ, ತೋಟದ ಕೆಲಸಗಾರರಿಗೆ ಮನೆ ಕೊಡುವ ನಮ್ಮ ಲೈನ್‌ಮನೆಯ ಪದ್ಧತಿ. ಮೊದಲ ಸೀಸನ್‌ನವನಿಗೆ ಕೊನೆಯಲ್ಲಿ ಉಳಿಯುವ ದುಡ್ಡು ಆಸ್ಟ್ರಿಯಾದಲ್ಲೇ ಹೆಚ್ಚಾದರೂ ಆಶ್ಚರ್ಯವಿಲ್ಲ.

ಫ್ರಾನ್ಸ್ ಬೇರೆಯೇ ಲೋಕ. ಕೆಂಪು ಜಾಕೆಟ್ಟಿನ ಇಎಸ್ಎಫ್ ಎಂಬ ಫ್ರೆಂಚ್ ಸ್ಕೀ ಶಾಲೆಗಳ ಬೋಧಕರು ನೌಕರರಲ್ಲ, ಸ್ವಂತ ಕಸುಬಿನವರು. ಶಾಲೆ ಪಾಠ ಹಂಚುತ್ತದೆ, ಅವರು ಪಾಠದ ಹಣದಲ್ಲಿ ಶಾಲೆಗೊಂದು ಪಾಲು ಬಿಟ್ಟು ಉಳಿದದ್ದು ಪಡೆಯುತ್ತಾರೆ. ಸಾಮಾಜಿಕ ಭದ್ರತೆಯ ಕಂತು, ವಿಮೆ ಎಲ್ಲ ಅವರದೇ. ಹಾಗಾಗಿ ಅಲ್ಲಿನವರ ಗಂಟೆಯ ದರವನ್ನು ಸ್ವಿಸ್ ನೌಕರನ ದರದ ಪಕ್ಕದಲ್ಲಿಟ್ಟು ನೋಡುವುದು, ಹಣ್ಣನ್ನೇ ಒಣಗಿಸಿದ ಚೆರಿ ಕಾಫಿಯ ಬೆಲೆಯನ್ನು ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಬೆಲೆಗೆ ಹೋಲಿಸಿದ ಹಾಗೆ. ಬಾಗಿಲೂ ಕಿರಿದು: ಸರ್ಕಾರಿ ಡಿಪ್ಲೊಮಾ ಬೇಕು, ಅದರೊಳಗೆ ಗಡಿಯಾರದ ವಿರುದ್ಧ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಮ್ ಪರೀಕ್ಷೆ ಇದೆ. ಅರ್ಹತೆಯಿಲ್ಲದೆ ದುಡ್ಡಿಗೆ ಕಲಿಸಿದರೆ ಒಂದು ವರ್ಷದವರೆಗೆ ಜೈಲು, 15,000 ಯೂರೋ ದಂಡದ ಕಾನೂನಿದೆ. ಸ್ನೇಹಿತರಿಗೆ ಕಲಿಸುತ್ತಿದ್ದೆ ಎಂಬ ನೆಪ ಪೊಲೀಸರಿಗೆ ಹೊಸದೇನಲ್ಲ.

ಒಂದೇ ದೇಶದೊಳಗಿನ ವ್ಯತ್ಯಾಸಕ್ಕೆ ಅಮೆರಿಕ ಒಳ್ಳೆಯ ಉದಾಹರಣೆ. ಯೂಟಾದಲ್ಲಿ ಕಾನೂನಿನ ಕನಿಷ್ಠ ಕೂಲಿ ಕೇಂದ್ರದ್ದೇ, ಗಂಟೆಗೆ 7.25 ಡಾಲರ್. ಪಕ್ಕದ ಕೊಲರಾಡೋದಲ್ಲಿ 2025ಕ್ಕೆ 14.81. ಎರಡೂ ಕಡೆ ರಿಸಾರ್ಟುಗಳಿರುವ ವೇಲ್ ಕಂಪನಿ 2022–23ರ ಸೀಸನ್‌ನಿಂದ ಉತ್ತರ ಅಮೆರಿಕದಲ್ಲಿ ಕನಿಷ್ಠ 20 ಡಾಲರ್ ಎಂದು ತಾನೇ ನಿಗದಿ ಮಾಡಿತು. ಧರ್ಮಕ್ಕಲ್ಲ, ಜನ ಸಿಗದೆ. ಬೆಟ್ಟದೂರಿನ ಬಾಡಿಗೆ ಕೊಡಲಾಗದೆ ಹುಡುಗರು ಬರುವುದೇ ನಿಂತಿತ್ತು. ಅದೇ ಕಂಪನಿಯ ಪಾರ್ಕ್ ಸಿಟಿಯಲ್ಲಿ 2024ರ ಡಿಸೆಂಬರ್ ಕೊನೆಯ ವಾರ, ಜನ ಕಿಕ್ಕಿರಿದ ಹೊತ್ತು ನೋಡಿ ಸ್ಕೀ ಪ್ಯಾಟ್ರೋಲ್ (ಗಸ್ತು) ಸಿಬ್ಬಂದಿ ಮುಷ್ಕರ ಹೂಡಿ, ಆರಂಭದ ದರವನ್ನು 21ರಿಂದ 23ಕ್ಕೆ ಏರಿಸಿಕೊಂಡರು. ಅವರು ಕಲಿಸುವವರಲ್ಲ, ಬೆಟ್ಟ ಕಾಯುವವರು. ಆದರೂ ಅವರಿಗೆ ಸಂಘ ಇದ್ದದ್ದು ಕೆಲಸಕ್ಕೆ ಬಂತು ಎಂಬುದನ್ನು ಗಮನಿಸಿ.

ಅಮೆರಿಕದ ದೊಡ್ಡ ರಿಸಾರ್ಟಿನಲ್ಲಿ ಒಂದು ದಿನದ ಖಾಸಗಿ ಪಾಠಕ್ಕೆ ಗ್ರಾಹಕ ಸಾವಿರ ಡಾಲರಿಗೂ ಮೇಲೆ ಕೊಡುವುದುಂಟು. ಬೋಧಕನಿಗೆ ಸಿಗುವುದು ಗಂಟೆಯ ಕೂಲಿ: ಏಳು ಗಂಟೆಗೆ, 20ರಂತೆ, 140 ಡಾಲರ್. ಹಿರಿಯರಿಗೆ, ಗ್ರಾಹಕರೇ ಹೆಸರು ಹೇಳಿ ಕೇಳುವವರಿಗೆ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ. ಉಳಿದದ್ದು ಟಿಪ್ಸ್ ಮೇಲೆ. ಅಲ್ಲಿ ಟಿಪ್ಸ್ ಪದ್ಧತಿಯೇ ಆಗಿದೆ. ಜಪಾನಿನಲ್ಲಿ ಆ ರೂಢಿಯಿಲ್ಲ.

ಜಪಾನ್ ಎಂದಮೇಲೆ, ಹೊಕ್ಕೈಡೋದಲ್ಲಿ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 1,075 ಯೆನ್. ಡಾಲರ್ ದೇಶಗಳಿಗೆ ಹೋಲಿಸಿದರೆ ಸಪ್ಪೆ. ಆದರೆ ನಿಸೆಕೋದಂಥ ಕಡೆ ಇಂಗ್ಲಿಷ್‌ನಲ್ಲಿ ಕಲಿಸುವವರಿಗೆ ಬೇಡಿಕೆ ಹೆಚ್ಚು, ದರವೂ ಕನಿಷ್ಠಕ್ಕಿಂತ ಮೇಲೆ. ಕೆನಡಾದ ಒಳಗೂ ಹೀಗೆಯೇ: ಬಾನ್ಫ್ ಇರುವ ಆಲ್ಬರ್ಟಾದಲ್ಲಿ 2018ರಿಂದ ಕದಲದ 15 ಡಾಲರ್, ಕ್ವಿಬೆಕ್‌ನಲ್ಲಿ 2025ರ ಮೇಯಲ್ಲಿ 16.10 ಆಯಿತು.

ಸ್ಕೀ ಸೀಸನ್ ಮತ್ತು ಕಾಫಿ ಕೊಯ್ಲು ಒಂದೇ ಹೊತ್ತಿಗೆ ಬರುತ್ತವೆ. ತೋಟವನ್ನೂ ನೋಡಿಕೊಂಡು ಈ ಕೆಲಸ ಮಾಡಲು ಸಾಧ್ಯವೇ?
— ಓದುಗರು, ಸೋಮವಾರಪೇಟೆ

ಬಂದ ಪತ್ರಗಳಲ್ಲಿ ನಮಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೇ ಮಾರ್ಚ್‌ವರೆಗೆ, ನಡುವೆ ಹೂವಿಗೆ ನೀರು ಹಾಯಿಸುವ ಗಡಿಬಿಡಿ. ಗುಲ್ಮಾರ್ಗ್, ಆಲ್ಪ್ಸ್, ಕೆನಡಾ, ಜಪಾನ್ ಎಲ್ಲವೂ ಅದೇ ತಿಂಗಳಲ್ಲಿ ಕರೆಯುತ್ತವೆ. ಕೊಯ್ಲಿನಲ್ಲಿ ಮನೆಯವರೊಬ್ಬರು ಕಣದಲ್ಲಿಲ್ಲದಿದ್ದರೆ ಆಗುವ ನಷ್ಟ, ಹೊಸ ಇನ್‌ಸ್ಟ್ರಕ್ಟರಿನ ಇಡೀ ಸೀಸನ್ ಉಳಿತಾಯಕ್ಕಿಂತ ದೊಡ್ಡದಿರಬಹುದು. ಇದನ್ನು ಖರ್ಚಿನ ಪಟ್ಟಿಯಲ್ಲಿ ಬರೆಯದವರೇ ಹೆಚ್ಚು.

ಭೂಮಿಯ ಕೆಳಗಿನ ಅರ್ಧವನ್ನು ನೋಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಚಳಿಗಾಲ ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್ ಮೊದಲ ವಾರದವರೆಗೆ. ನಮ್ಮಲ್ಲಿ ಆಷಾಢದ ಆಸುಪಾಸಿನ ಕಕ್ಕಡದ ಮಳೆ ಹೊಡೆಯುವಾಗ ಪೆರಿಷರ್, ಥ್ರೆಡ್‌ಬೋ, ಕ್ವೀನ್ಸ್‌ಟೌನ್‌ನಲ್ಲಿ ಹಿಮ. ಸೆಪ್ಟೆಂಬರ್‌ನ ಕೈಲ್‌ಪೊಳ್ದು ಹಬ್ಬ ತಪ್ಪಿದರೂ ಹುತ್ತರಿ ಹಬ್ಬಕ್ಕೆ, ಕೊಯ್ಲಿಗೆ ಮನೆಯಲ್ಲಿರಬಹುದು. ಗದ್ದೆ ಇರುವವರಿಗೆ ನಾಟಿಯ ಚಿಂತೆ ಉಳಿಯುತ್ತದೆ, ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ದರವೂ ಚೆನ್ನಾಗಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ವೇತನ 2025ರ ಜುಲೈಯಿಂದ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್. ಕಾಯಂ ಅಲ್ಲದ ಕ್ಯಾಶುವಲ್ ಕೆಲಸಗಾರನಿಗೆ ಶೇ. 25 ಹೆಚ್ಚುವರಿ, ಅಂದರೆ 31ರ ಮೇಲೆ. ಇದರ ಜೊತೆಗೆ ಮಾಲೀಕ ಶೇ. 12ರಷ್ಟನ್ನು ನಿವೃತ್ತಿ ನಿಧಿಗೆ ಕಟ್ಟಬೇಕು. ದೇಶ ಬಿಟ್ಟ ಮೇಲೆ ಅರ್ಜಿ ಹಾಕಿ ಅದನ್ನು ವಾಪಸ್ ಪಡೆಯಬಹುದು, ಆದರೆ ವರ್ಕಿಂಗ್ ಹಾಲಿಡೇ ವೀಸಾದವರಿಗೆ ಅದರಲ್ಲಿ ಬಹುಪಾಲು ತೆರಿಗೆಗೇ ಹೋಗುತ್ತದೆ. ಸ್ಕೀ ಕೇಂದ್ರಗಳಿಗೆಂದೇ ಪ್ರತ್ಯೇಕ ವೇತನ ಆದೇಶ ಇದೆ, ಸೇರುವ ಮುನ್ನ ನಿಮ್ಮ ದರ್ಜೆಗೆ ಅದರಲ್ಲಿ ಎಷ್ಟು ಎಂದು ಓದಿಕೊಳ್ಳಿ. ನ್ಯೂಜಿಲೆಂಡ್‌ನಲ್ಲಿ ಕನಿಷ್ಠ 2025ರ ಏಪ್ರಿಲ್‌ನಲ್ಲಿ 23.50 ನ್ಯೂಜಿಲೆಂಡ್ ಡಾಲರ್ ಆಯಿತು.

ವೀಸಾದಲ್ಲೂ ಆಸ್ಟ್ರೇಲಿಯಾಕ್ಕೆ ಒಂದು ಕಿಂಡಿ ತೆರೆದಿದೆ. 18ರಿಂದ 30 ವಯಸ್ಸಿನ ಭಾರತೀಯರಿಗೆ 462 ಸಂಖ್ಯೆಯ ವರ್ಕ್ ಅಂಡ್ ಹಾಲಿಡೇ ವೀಸಾ 2024ರಿಂದ ಸಿಗುತ್ತಿದೆ: ವರ್ಷಕ್ಕೆ 1,000 ಮಂದಿಗೆ, ಲಾಟರಿ ಎತ್ತಿ. ಪ್ರೌಢಶಿಕ್ಷಣದ ನಂತರದ ವಿದ್ಯಾಭ್ಯಾಸ, ಇಂಗ್ಲಿಷ್ ಪರೀಕ್ಷೆ ಬೇಕು. ನ್ಯೂಜಿಲೆಂಡ್‌ನ ವರ್ಕಿಂಗ್ ಹಾಲಿಡೇ ಪಟ್ಟಿಯಲ್ಲಿ ನಾವಿಲ್ಲ. ಲಾಟರಿಯಲ್ಲಿ ಹೆಸರು ಬಂದರೂ ಕೆಲಸ ಸಿಕ್ಕಿತೆಂದಲ್ಲ, ಅಲ್ಲಿನ ಶಾಲೆಗಳು ಸೀಸನ್‌ಗೆ ತಿಂಗಳುಗಳ ಮೊದಲೇ ಜನರನ್ನು ಆರಿಸಿ ಮುಗಿಸುತ್ತವೆ.

ಊರಲ್ಲೇ ಇರಬೇಕೆಂದರೆ ಬರಪೊಳೆ ಇದೆ. ದಕ್ಷಿಣ ಕೊಡಗಿನ ಈ ಹೊಳೆಯಲ್ಲಿ ರ‍್ಯಾಫ್ಟಿಂಗ್ ಜೂನ್‌ನಿಂದ ಸೆಪ್ಟೆಂಬರ್. ಅಲ್ಲಿ ಗೈಡ್‌ಗೂ ಸ್ಕೀ ಬೋಧಕನಿಗೂ ಕೂಲಿಯ ತರ್ಕ ಒಂದೇ: ಟ್ರಿಪ್ ಆದರೆ ದುಡ್ಡು. ನೀರು ಇಳಿದರೆ ಬಂಡೆ ಎದ್ದು ದೋಣಿ ಹೋಗದು, ಏರಿದರೆ ಆಡಳಿತವೇ ನಿಲ್ಲಿಸುತ್ತದೆ. ಪ್ರಥಮ ಚಿಕಿತ್ಸೆ, ಸಿಪಿಆರ್, ಹರಿವ ನೀರಿನ ರಕ್ಷಣೆ ಕಲಿತವನಿಗೆ ಆ ಪ್ರಮಾಣಪತ್ರಗಳು ಬೆಟ್ಟದ ಕೆಲಸಕ್ಕೂ ಆಗಿಬರುತ್ತವೆ, ಅವಧಿ ಮುಗಿಯದಂತೆ ನೋಡಿಕೊಂಡರೆ.

ಮಗಳಿಗೆ 19. ಯಾವ ಸರ್ಟಿಫಿಕೇಟ್ ಮಾಡಿದರೆ ಹೊರದೇಶದಲ್ಲಿ ನಡೆಯುತ್ತದೆ?
— ಓದುಗರು, ವಿರಾಜಪೇಟೆ

ಮೆಟ್ಟಿಲು ಹೀಗೆ. ಮೊದಲು ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಅಥವಾ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್. ಆಮೇಲೆ ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್. ಒಂದೊಂದಕ್ಕೂ ಒಂದು ಚಳಿಗಾಲ ಎಂದಿಟ್ಟುಕೊಂಡರೆ ಒಳ್ಳೆಯದು. ಖಾಸಗಿಗಿಂತ ಸರ್ಕಾರಿ ಕೋರ್ಸ್ ಅಗ್ಗ, ಊಟ–ವಸತಿ–ಸಲಕರಣೆ ಸೇರಿರುತ್ತದೆ, ಸೀಟು ಬೇಗ ತುಂಬುತ್ತದೆ. ಬೆಂಗಳೂರಿನಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಆ ವರ್ಷ ಕರ್ನಾಟಕದ ಅಭ್ಯರ್ಥಿಗಳಿಗೆ ಏನಾದರೂ ನೆರವಿದೆಯೇ ಎಂದು ಮಳೆಗಾಲದಲ್ಲೇ ವಿಚಾರಿಸಿ.

ಇಷ್ಟರಿಂದ ಹೊರದೇಶದ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಕೇಳುವುದು ಬ್ರಿಟನ್ನಿನ ಬೇಸಿ, ಕೆನಡಾದ ಸಿಎಸ್ಐಎ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕದ ಸಂಘಗಳ ಲೆವೆಲ್‌ಗಳನ್ನು. ಬೇಸಿಯ ಲೆವೆಲ್ 1 ಐದು ದಿನದ ಕೋರ್ಸ್. ಜೊತೆಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಮತ್ತು ಒಂದು ಶಾಲೆಯಲ್ಲಿ 35 ಗಂಟೆ ಬೇರೆಯವರ ಪಾಠ ನೋಡುತ್ತಾ ಸಹಾಯ ಮಾಡಿದ ದಾಖಲೆ. ಲೆವೆಲ್ 2ಕ್ಕೆ ಹತ್ತು ದಿನ, 70 ಗಂಟೆ. ಲೆವೆಲ್ 3ಕ್ಕೆ ಅಂತರರಾಷ್ಟ್ರೀಯ ಬೋಧಕರ ಸಂಘವಾದ ಐಎಸ್ಐಎಯ ಮುದ್ರೆ ಸಿಗುತ್ತದೆ, ಅಲ್ಲಿಂದ ದರದಲ್ಲಿ ನಿಜವಾದ ಏರಿಕೆ. ಲೆವೆಲ್ 1 ಮಾಡಿ ನಿಲ್ಲಿಸಿದವರು ಮಕ್ಕಳ ಗುಂಪಿನಲ್ಲೇ ಉಳಿಯುತ್ತಾರೆ, ಎರಡು ಸೀಸನ್‌ಗೆ ಬೇಸತ್ತು ಬಿಡುತ್ತಾರೆ. ಆದ್ದರಿಂದ ದುಡ್ಡು ಕೂಡಿಸುವಾಗ ಲೆವೆಲ್ 2ರವರೆಗಿನದನ್ನು ಒಟ್ಟಿಗೆ ಲೆಕ್ಕ ಹಾಕಿ.

ಭಾಷೆ, ಮಕ್ಕಳೊಡನೆ ಒಡನಾಟ, ಹಸುಳೆಯ ಮೂಗು ಒರೆಸುವ ತಾಳ್ಮೆ, ಇವು ಹೊಸಬರ ಆಯ್ಕೆಯಲ್ಲಿ ಸ್ಕೀ ಓಡಿಸುವ ಚೆಂದಕ್ಕಿಂತ ಹೆಚ್ಚು ನಡೆಯುತ್ತವೆ. ಹುಡುಗಿಯರಿಗೆ ಇಲ್ಲಿ ಅವಕಾಶ ಕಡಿಮೆಯಿಲ್ಲ. ಕೊಡಗಿನಿಂದ ಹಿಮಕ್ಕೆ ಹೋಗುವುದು ಹೇಗೆ ಎನ್ನುವವರಿಗೆ ತೆಕ್ಕಡ ಭವಾನಿ ನಂಜುಂಡ ಅವರ ಹೆಸರು ಸಾಕು. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದವರು, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಅವರದು ಸ್ಪರ್ಧೆಯ ದಾರಿ, ಬೋಧನೆಯದು ಬೇರೆ. ಪದಕ ಗೆದ್ದವರಿಗೂ ಕಲಿಸಲು ಲೆವೆಲ್ ಬೇಕು.

ಕೋರ್ಸಿನಲ್ಲಿ ಬಾಡಿಗೆ ಬೂಟು ಹಾಕಿ ಹೆಬ್ಬೆರಳ ಉಗುರು ಕಪ್ಪಾಯಿತು, ಪಾದ ಜೋಮು ಹಿಡಿಯುತ್ತಿತ್ತು. ಸ್ವಂತ ಸ್ಕೀ ಕೊಳ್ಳಲೇ, ಬೂಟು ಕೊಳ್ಳಲೇ?
— ಓದುಗರು, ನಾಪೋಕ್ಲು

ಬೂಟು. ಎರಡು ಮಾತಿಲ್ಲ. ಸ್ಕೀ ಯಾವುದಾದರೂ ಆಗುತ್ತದೆ, ಬೂಟು ಕೆಟ್ಟರೆ ಪಾಠ ಬಿಡಬೇಕು, ಪಾಠ ಬಿಟ್ಟರೆ ಕೂಲಿ ಇಲ್ಲ.

ಉಗುರು ಕಪ್ಪಾದದ್ದು ಬೂಟು ಚಿಕ್ಕದೆಂದೇ ಅಂದುಕೊಂಡಿರುತ್ತೀರಿ. ಹೆಚ್ಚಾಗಿ ತಿರುಗುಮುರುಗು: ಬೂಟು ದೊಡ್ಡದು, ಪಾದ ಒಳಗೆ ಜಾರಿ ಪ್ರತಿ ಇಳಿತಕ್ಕೂ ಬೆರಳು ಮುಂದೆ ಗುದ್ದುತ್ತದೆ. ಜಾರದಂತೆ ಬಕಲ್ ಬಿಗಿದಾಗ ಪಾದದ ಮೇಲಿನ ರಕ್ತನಾಳ ಒತ್ತಿ ಜೋಮು. ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿದ್ದರಂತೂ ಮಡಿಕೆಯಾಗಿ ಇನ್ನೂ ಕಷ್ಟ. ತೆಳ್ಳಗಿನ ಒಂದೇ ಸಾಕ್ಸ್, ಮೊಣಕಾಲ ಕೆಳಗಿನವರೆಗೆ. ಒಳಉಡುಪಿನ ತುದಿ ಬೂಟಿನೊಳಗೆ ಹೋಗಬಾರದು. ಆ ಒಂದು ಮಡಿಕೆ ಸಂಜೆಯ ಹೊತ್ತಿಗೆ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಕೆಂಪು ಬರೆ ಎಳೆದಿರುತ್ತದೆ.

ಅಳತೆ ಸೆಂಟಿಮೀಟರಿನಲ್ಲಿ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಉದ್ದದ ಬೆರಳ ತುದಿಯವರೆಗೆ ಅಳೆಯಿರಿ. 26.5 ಬಂದರೆ ಬೂಟಿನ ಸಂಖ್ಯೆಯೂ 26.5. ಅಂಗಡಿಯಲ್ಲಿ ಒಳಗಿನ ಮೆತ್ತೆ ತೆಗೆಸಿ, ಬರಿಯ ಗಟ್ಟಿ ಚಿಪ್ಪಿನೊಳಗೆ ಕಾಲಿಡಿ. ಬೆರಳು ಮುಂದೆ ತಾಗುವಂತೆ ಸರಿಸಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಇರಬೇಕು. ಮೂರು ಇದ್ದರೆ ಅಂಗಡಿಯವ ಏನೇ ಹೇಳಲಿ, ದೊಡ್ಡದು. ಮೆತ್ತೆ ಹಾಕಿ ನೆಟ್ಟಗೆ ನಿಂತಾಗ ಬೆರಳು ತುಸು ತಾಗಲಿ. ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು.

ಹಾಕುವ ಕ್ರಮ: ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮೊದಲು ಮೇಲಿನಿಂದ ಎರಡನೆಯ ಬಕಲ್, ಅದೇ ಹಿಮ್ಮಡಿಯನ್ನು ಹಿಡಿದಿಡುವುದು. ಆಮೇಲೆ ಮೇಲಿನದು, ಕೊನೆಗೆ ಬೆರಳ ಕಡೆಯವು, ಅವು ಸಡಿಲವಾಗಿಯೇ. ರಾತ್ರಿ ಮೆತ್ತೆ ಹೊರತೆಗೆದು ಒಣಗಿಸಿ; ಕೋಣೆ ಕಾಯಿಸುವ ಒಲೆಯಾದ ಬುಖಾರಿಯ ಪಕ್ಕ ಇಡಬೇಡಿ, ಆಕಾರ ಕೆಡುತ್ತದೆ.

ಬೂಟು ಬದಲಿಸಿದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಸದಾಗಿ ಹೊಂದಿಸಬೇಕು. ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ಪಳಗಿದ ಮಟ್ಟ ನೋಡಿ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕೆಂದು ಹೇಳುವ ಡಿನ್ ಸಂಖ್ಯೆ ಇಡುತ್ತಾರೆ. ಸ್ಕೀ ಬಿಚ್ಚಿಕೊಳ್ಳುತ್ತಿದೆಯೆಂದು ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಚಾಳಿ ಬಾಡಿಗೆ ಅಂಗಡಿಗಳ ಮುಂದೆ ದಿನವೂ ಕಾಣುತ್ತದೆ. ಬಿದ್ದಾಗ ಸ್ಕೀ ಬಿಚ್ಚದಿದ್ದರೆ ತಿರುಚುವುದು ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು. ಆ ಸೀಸನ್ ಮಾತ್ರವಲ್ಲ, ಮುಂದಿನದೂ ಹೋಗಬಹುದು.

ವಿದೇಶದಲ್ಲಿ ನಾಲ್ಕು ತಿಂಗಳು ದುಡಿದ ಹಣಕ್ಕೆ ಇಲ್ಲಿ ತೆರಿಗೆ ಇದೆಯೇ?
— ಓದುಗರು, ಕುಶಾಲನಗರ

ಇದೆ. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿ, ಎಲ್ಲಿ ದುಡಿದದ್ದೂ ಇಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ರಿಯಾಯಿತಿ ಸಿಗುತ್ತದೆ, ಅದಕ್ಕೆ ಪ್ರತ್ಯೇಕ ನಮೂನೆ ಸಲ್ಲಿಸಬೇಕು. ಊರಿಗೆ ಹೊರಡುವ ಮುನ್ನ ಅಲ್ಲಿನ ಮಾಲೀಕನಿಂದ ವರ್ಷದ ವೇತನ–ತೆರಿಗೆ ಪತ್ರ ಯಾವ ವಿಳಾಸಕ್ಕೆ ಬರುತ್ತದೆಂದು ಬರೆಸಿಕೊಳ್ಳಿ. ಖಾಲಿ ಮಾಡಿದ ಕೋಣೆಯ ಅಂಚೆ ಡಬ್ಬಿಗೆ ಹೋಗಿ ಬಿದ್ದ ಪತ್ರವನ್ನು ಜುಲೈಯಲ್ಲಿ ಇಲ್ಲಿಂದ ತರಿಸುವುದು ಆಗದ ಮಾತು.